ತೊಡೆಯ ಮೇಲೆ ದೊರೆಸಾನಿ ಇಲ್ಲದಾಗ

ಫೆಬ್ರವರಿ ೩

ಪ್ರೀತಿಯ ಚಿನಕುರುಳಿ,

ಕ್ಷೇಮವಾಗಿದ್ದೇನೆ ಎಂದು ಬರೆಯುವ ಮುನ್ನ ಈ ಸಲ ಅಳೆದು ನೋಡಿದ್ದೇನೆ. ದಾದಿಯರಿಗೆ ಪಾಠ ಹೇಳುತ್ತಲೇ ತಲೆ ನರೆಸಿಕೊಂಡವನು ಬರೀ ಊಹೆಯ ಮೇಲೆ ಕ್ಷೇಮ ಬರೆಯಬಾರದಲ್ಲವೇ?

ಹೋದ ತಿಂಗಳು ನೀನು ಬಂದಿದ್ದಾಗ ನನ್ನ ತೋಳಿಗೆ ಪಟ್ಟಿ ಸುತ್ತಿ, ಅಂಕಿ ನೋಡಿ, ಮುಖ ಸಪ್ಪಗೆ ಮಾಡಿಕೊಂಡೆ. ಮೇಲಿನದು ನೂರ ಅರವತ್ತೆರಡು, ಕೆಳಗಿನದು ತೊಂಬತ್ತಾರು. ಬೀದಿಯ ಮೂಲೆಯ ಡಾಕ್ಟರು ರಕ್ತದೊತ್ತಡಕ್ಕೆ ಮಾತ್ರೆ ಶುರು ಮಾಡೋಣವೆಂದರು. ಉಪ್ಪು ಬಿಡುತ್ತೇನೆ, ನಡೆಯುತ್ತೇನೆ, ಇಳಿಯದಿದ್ದರೆ ನುಂಗುತ್ತೇನೆ ಎಂದು ನಾನು ಮೂರು ತಿಂಗಳ ವಾಯಿದೆ ಕೇಳಿದೆ. ಆಗ ನೀನು ನನ್ನೊಡನೆ ವಾದಕ್ಕೆ ನಿಲ್ಲಲಿಲ್ಲ. ನಿಮ್ಮ ಆಸ್ಪತ್ರೆಯ ಉಗ್ರಾಣದಿಂದ ಹೊರಹಾಕಿದ್ದ ಬೆಕ್ಕನ್ನು ಬುಟ್ಟಿಯಿಂದ ಇಳಿಸಿ, "ಹದಿನೈದೇ ದಿನ ಇಟ್ಕೊಳ್ಳಿ ಮೇಷ್ಟ್ರೇ, ಆಮೇಲೆ ನೋಡೋಣ" ಎಂದು ಹೇಳಿ ರೈಲು ಹತ್ತಿದೆ. ಆ ಗಡುವು ಮುಗಿದಿದೆ. ಈಗ ಅದನ್ನು ವಾಪಸು ಕೇಳಿದೆಯೋ, ನೀನು ನನ್ನ ಶಿಷ್ಯೆಯೇ ಅಲ್ಲ.

ಬಂದ ಮೊದಲ ದಿನವೇ ಅದು ಎರಡೂ ಕೋಣೆಗಳ ತಪಾಸಣೆ ನಡೆಸಿ, ನನ್ನ ಏಕೈಕ ಒಳ್ಳೆಯ ಕುರ್ಚಿಯನ್ನು ವಶಪಡಿಸಿಕೊಂಡಿತು. ಕೆಳಗಿನ ಅಂಗಡಿಯ ಬೀಗದಣ್ಣ ಮೆಟ್ಟಿಲು ಹತ್ತಿ ಬಂದು ನೋಡಿ, "ಏನ್ ಮೇಷ್ಟ್ರೇ, ಬೆಕ್ಕು ತಂದ್ರೋ, ಯಜಮಾನೀನ ತಂದ್ರೋ? ಒಳ್ಳೆ ದೊರೆಸಾನಿ ಹಂಗೆ ಕೂತಿದೆ" ಎಂದ. ಹೆಸರು ಅಲ್ಲಿಗೇ ನಿಂತಿತು.

ನಾನು ಅಳೆಯುವ ಕ್ರಮ ನಿನಗೆ ಗೊತ್ತೇ ಇದೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲ. ಮನಸ್ಸು ತಿಳಿಯಾಗುವ ತನಕ ಕಾಯಬೇಕು. ಹಾಗೆ ಕಾಯುತ್ತಾ ಕುಳಿತಾಗ ದೊರೆಸಾನಿ ಬಂದು ತೊಡೆಯೇರಿ ಮುದುಡಿ ಮಲಗುತ್ತಾಳೆ. ಇನ್ನೊಂದು ಕೈಯಿಂದ ಅವಳ ಬೆನ್ನು ಸವರುತ್ತಿರುತ್ತೇನೆ. ಅವಳ ಗುರುಗುಡು ಸದ್ದು ತೊಡೆಯ ಮೂಲಕ ಹೊಟ್ಟೆಗೇ ಕೇಳಿಸಿದಂತಾಗುತ್ತದೆ.

ಈ ದಿನದ ಅಂಕಿ ನೂರ ಮೂವತ್ತಾರು, ಎಂಬತ್ತನಾಲ್ಕು. ಎರಡು ಸಲ ನೋಡಿದೆ. ಯಂತ್ರ ಸರಿಯಾಗಿಯೇ ಇದೆ.

ನಿನ್ನ,
ಮೇಷ್ಟ್ರು


ಫೆಬ್ರವರಿ ೧೪

ಪೂಜ್ಯ ಮೇಷ್ಟ್ರೇ,

ನಿಮ್ಮ ಪತ್ರವನ್ನು ಊಟದ ಕೋಣೆಯಲ್ಲಿ ಓದಿ ನಾನು ಕುಣಿದದ್ದನ್ನು ಕಂಡು ಅಡುಗೆಯವರು ನನಗೆ ಮದುವೆ ಗೊತ್ತಾಯಿತೆಂದು ತಿಳಿದರು. ಬೆಕ್ಕಿನ ಸುದ್ದಿಯೆಂದು ಹೇಳಿದೆ. ಅವರಿಗೆ ಬಹಳ ನಿರಾಸೆಯಾಯಿತು.

ಫೋನ್ ಮಾಡಬಾರದೇ ಎಂದು ಬೀಗದಣ್ಣ ಕೇಳಿದರೆಂದು ಹಿಂದೊಮ್ಮೆ ಬರೆದಿದ್ದಿರಿ. ಫೋನಿನಲ್ಲಾದರೆ ನೀವು "ಹೂಂ, ಚೆನ್ನಾಗಿದೀನಿ, ನೀನು ಹೇಗಿದೀಯ" ಎಂದು ಮಾತು ತಿರುಗಿಸಿಬಿಡುತ್ತೀರಿ. ಪತ್ರದಲ್ಲಿ ಸುಳ್ಳು ಹೇಳಲು ಹೆಚ್ಚು ಹೊತ್ತು ಹಿಡಿಯುತ್ತದೆ. ಅದಕ್ಕೇ ನನಗೆ ಪತ್ರದ ಮೇಲೆ ನಂಬಿಕೆ.

ಈಗ ನನ್ನ ಸುದ್ದಿ. ನನ್ನನ್ನು ದೀರ್ಘಕಾಲದ ರೋಗಿಗಳ ವಾರ್ಡಿಗೆ ಹಾಕಿದ್ದಾರೆ. ಇಲ್ಲಿ ಯಾರೂ ಬೇಗ ಗುಣವಾಗುವುದಿಲ್ಲ, ಬೇಗ ಹೋಗುವುದೂ ಇಲ್ಲ. ಕಿಟಕಿಯ ಪಕ್ಕದ ಮಂಚದಲ್ಲಿ ಒಬ್ಬ ದರ್ಜಿ ಅಜ್ಜಿ ಇದ್ದಾರೆ. ಒತ್ತಡ ಏರಿದೆ, ಮಾತ್ರೆ ತೆಗೆದುಕೊಳ್ಳಿ ಎಂದರೆ, ಈ ಒಂದು ರಾಶಿ ಬಟ್ಟೆ ಹೊಲಿದು ಮುಗಿಸುತ್ತೇನೆ ಎಂದು ಮುಂದೂಡುತ್ತಲೇ ಬಂದರಂತೆ. ಒಂದು ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆಯೇ ಬಲಭಾಗ ಬಿದ್ದುಹೋಯಿತು. ಮಾತಾಡಬಲ್ಲರು ಎಂದು ವೈದ್ಯರು ಹೇಳುತ್ತಾರೆ, ಆದರೆ ಚಳಿಗಾಲ ಶುರುವಾದಾಗಿನಿಂದ ಅವರ ಬಾಯಿಂದ ಒಂದು ಮಾತೂ ಬಂದಿಲ್ಲ. ಸೊಸೆ ಬಂದು ಮಾತಾಡಿಸಿದರೆ ಗೋಡೆಯತ್ತ ತಿರುಗುತ್ತಾರೆ.

ನನಗೊಂದು ಆಸೆ ಹುಟ್ಟಿದೆ. ಈ ವಾರ್ಡಿಗೆ ಒಂದು ಸಾಕುಪ್ರಾಣಿ ಬರುವಂತಾಗಬೇಕು. ಅದನ್ನು ನಮ್ಮ ಮೇಲ್ವಿಚಾರಕಿ ದೊಡ್ಡಕ್ಕನ ಮುಂದೆ ಹೇಳಿದೆ. ಅವರು ಕನ್ನಡಕ ಇಳಿಸಿ, "ಇದು ಆಸ್ಪತ್ರೆ ಕಣೆ, ಮೃಗಾಲಯ ಅಲ್ಲ. ಇವತ್ತು ಬೆಕ್ಕು ಅಂತೀಯ, ನಾಳೆ ಆನೆ ತರ್ತೀಯ" ಎಂದರು. ಕೊನೆಗೆ, ಗಟ್ಟಿ ಆಧಾರವಿದ್ದರೆ ಅರ್ಜಿ ಕೊಡು, ಮೇ ಕೊನೆಯಲ್ಲಿ ಆಡಳಿತ ಸಮಿತಿ ಕೂಡುತ್ತದೆ ಎಂದರು.

ಮೇಷ್ಟ್ರೇ, ನೀವೇ ನನ್ನ ಮೊದಲ ಆಧಾರ. ಮಾತ್ರೆಯಿಲ್ಲದೆ, ಬರೀ ಬೆಕ್ಕಿನಿಂದ ಇಷ್ಟು ಇಳಿದಿದೆ! ಅದೂ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ನಿಮ್ಮ ಕೈಯಿಂದ ಬಂದ ಅಂಕಿ. ಪ್ರತಿ ಪತ್ರದಲ್ಲೂ ತಪ್ಪದೆ ಬರೆಯಿರಿ.

ನಿಮ್ಮ,
ಚಿನಕುರುಳಿ


ಮಾರ್ಚ್ ೮

ಪ್ರೀತಿಯ ಚಿನಕುರುಳಿ,

ನಿನ್ನ ಅರ್ಜಿಯ ವಿಚಾರ ಓದಿ ನನಗೆ ಎರಡು ದಿನ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ನಮ್ಮ ತಲೆಮಾರಿನವರು ವಾರ್ಡನ್ನು ಚೊಕ್ಕಟವಾಗಿಡುವುದನ್ನು ಕಲಿತೆವು. ಅಲ್ಲಿ ಮಲಗಿದವರಿಗೆ ಬೆಳಗಾಗುವುದನ್ನು ಎದುರು ನೋಡಲು ಒಂದು ಕಾರಣ ಬೇಕೆಂಬುದು ನಮಗೆ ಹೊಳೆಯಲಿಲ್ಲ. ನಿನಗೆ ಹೊಳೆದಿದೆ. ದೊಡ್ಡಕ್ಕನ ಮೇಲೆ ಬೇಸರ ಮಾಡಿಕೊಳ್ಳಬೇಡ. ಆಧಾರ ಕೇಳುವ ಮೇಲ್ವಿಚಾರಕಿ ಸಿಗುವುದು ನಿನ್ನ ಪುಣ್ಯ.

ನನ್ನ ಮೇಲಿನ ಅಂಕಿ ಒಮ್ಮೆ ನೂರ ಮೂವತ್ತೆಂಟು, ಒಮ್ಮೆ ನೂರ ಮೂವತ್ತನಾಲ್ಕು, ಮತ್ತೆ ನೂರ ಮೂವತ್ತಾರು. ಅರ್ಜಿಗೆ ಧಾರಾಳವಾಗಿ ಬಳಸಿಕೋ.

ಅಂಕಿಯಲ್ಲಿ ಕಾಣದ ಲಾಭಗಳೂ ಇವೆ, ಅವನ್ನೂ ಬರೆಯುತ್ತೇನೆ. ಮೊದಲು ನಾನು ಏಳುವ ಹೊತ್ತಿಗೆ ಹಾಲಿನವನು ಎರಡು ಬೀದಿ ದಾಟಿರುತ್ತಿದ್ದ. ಈಗ ದೊರೆಸಾನಿ ಎದೆಯ ಮೇಲೆ ನಿಂತು ಮುಖ ನೋಡುತ್ತಾಳೆ, ಏಳದೆ ವಿಧಿಯಿಲ್ಲ. ಮೀನಿನಂಗಡಿಗೆ ನಡೆದೇ ಹೋಗುತ್ತೇನೆ, ಏಕೆಂದರೆ ಬಸ್ಸಿನಲ್ಲಿ ಮೀನಿನ ಚೀಲ ಹಿಡಿದರೆ ಜನ ಮೂಗು ಮುಚ್ಚುತ್ತಾರೆ. ಅಂಗಡಿಯಾಕೆ ಮೊದಮೊದಲು ತೂಕ ಮಾತ್ರ ಕೇಳುತ್ತಿದ್ದಳು. ಈಗ "ನಿಮ್ಮ ಹುಡುಗಿಗೆ ಇದು ಹಿಡಿಸ್ತಾ?" ಎಂದು ವಿಚಾರಿಸುತ್ತಾಳೆ. ಬೀಗದಣ್ಣ ಸಂಜೆ ಮೇಲೆ ಬಂದು ಕೂರುತ್ತಾನೆ. ಬೆಕ್ಕು ನೋಡಲು ಬಂದೆ ಎನ್ನುತ್ತಾನೆ, ಆದರೆ ಹೋಗುವ ಹೊತ್ತಿಗೆ ತನ್ನ ಮಗನ ಮೇಲಿನ ದೂರೆಲ್ಲ ಹೇಳಿ ಹಗುರಾಗಿರುತ್ತಾನೆ. ಕೇಳಿದ ನಾನೂ ಹಗುರಾಗಿರುತ್ತೇನೆ. ನಿದ್ದೆಯೂ ಚೆನ್ನಾಗಿ ಹತ್ತುತ್ತಿದೆ.

ಮೊನ್ನೆ ಮೂಲೆಯ ಡಾಕ್ಟರ ಬಳಿ ನೋಡಿಸಿದಾಗ ಮಾತ್ರ ಅಂಕಿ ಹೆಚ್ಚು ಬಂತು. ಅಲ್ಲಿ ಕೂರಲು ಬೆನ್ನಿಲ್ಲದ ಸ್ಟೂಲು, ಪಕ್ಕದಲ್ಲಿ ಅಳುವ ಮಗು, ಜೊತೆಗೆ ಡಾಕ್ಟರ ಪ್ರಶ್ನೆಗಳ ಸುರಿಮಳೆ. ಅಂಥ ಅಳತೆಯನ್ನು ನನ್ನ ತರಗತಿಯಲ್ಲಿ ಯಾರಾದರೂ ತಂದಿದ್ದರೆ ಹರಿದು ಕೈಗೆ ಕೊಡುತ್ತಿದ್ದೆ. ನಮ್ಮ ಮನೆಯ ಅಂಕಿಗಳನ್ನು ತೋರಿಸಿದೆ. ಅವರೂ ಒಪ್ಪಿ, ಮಾತ್ರೆ ಸದ್ಯಕ್ಕೆ ಬೇಡವೆಂದರು.

ನಿನ್ನ,
ಮೇಷ್ಟ್ರು


ಮಾರ್ಚ್ ೨೦

ಪೂಜ್ಯ ಮೇಷ್ಟ್ರೇ,

ಬೆನ್ನಿಲ್ಲದ ಸ್ಟೂಲಿನ ಕತೆ ಓದಿ ನಕ್ಕು ಸಾಕಾಯಿತು. ಆ ಡಾಕ್ಟರನ್ನು ನೀವು ನಿಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದಂತೆ ಕಣ್ಣಿಗೆ ಕಟ್ಟಿತು. ನಿಮ್ಮ ಅಂಕಿಗಳನ್ನು ಅರ್ಜಿಯ ಮೊದಲ ಪುಟದಲ್ಲೇ ಹಾಕಿದ್ದೇನೆ.

ಇಲ್ಲಿ ಮೊನ್ನೆ ಒಂದು ಪವಾಡ ನಡೆಯಿತು. ಬೇರೆ ಪದ ಸಿಗುತ್ತಿಲ್ಲ. ನಮ್ಮ ಗೇಟಿನ ಕಾವಲುಗಾರರದ್ದೊಂದು ಕಂದು ನಾಯಿ ಇದೆ, ವಯಸ್ಸಾದದ್ದು, ಯಾರ ತಂಟೆಗೂ ಹೋಗದು. ತೋಟಕ್ಕೆ ನೀರು ಹಾಕಿದ್ದ ದಿನ ಅದು ಕೆಸರು ಕಾಲಲ್ಲಿ ವರಾಂಡ ಹತ್ತಿ, ತೆರೆದಿದ್ದ ಬಾಗಿಲಿನಿಂದ ನೇರವಾಗಿ ದರ್ಜಿ ಅಜ್ಜಿಯ ಮಂಚದ ಬಳಿ ಬಂದು, ಹೊದಿಕೆಯ ಮೇಲೆ ಮುಂಗಾಲು ಇಟ್ಟಿತು. ನಾನು ಓಡಿ ಬರುವಷ್ಟರಲ್ಲಿ ಅಜ್ಜಿ ಎಡಗೈ ಎತ್ತಿ, ಇಡೀ ವಾರ್ಡಿಗೆ ಕೇಳಿಸುವಂತೆ, "ಏಯ್! ಕಾಲ್ ಒರೆಸ್ಕೊಂಡು ಬಾರೋ!" ಎಂದರು.

ಮೇಷ್ಟ್ರೇ, ತಿಂಗಳುಗಳ ನಂತರದ ಮೊದಲ ಮಾತು ಬೈಗುಳವಾಗಿತ್ತು! ನಾಯಿ ಕಾಲು ತೆಗೆದು ಕೂತಿತು. ಅಜ್ಜಿ ಅದರ ಕಿವಿ ಹಿಡಿದು ನೋಡಿ, "ಇದ್ರ ಕಿವಿ ಹರಿದಿದೆ. ಹೊಲಿಸಿಲ್ವಾ ಯಾರೂ?" ಎಂದರು. ನನಗೆ ಅಳು ಬಂತು. ದೊಡ್ಡಕ್ಕ ಬಾಗಿಲಲ್ಲಿ ನಿಂತು ಎಲ್ಲ ನೋಡಿದರು. ಹೊದಿಕೆ ಬದಲಾಯಿಸು ಎಂದಷ್ಟೇ ಹೇಳಿ ಹೋದರು. ಆದರೆ ನಾಯಿಯನ್ನು ಓಡಿಸು ಎನ್ನಲಿಲ್ಲ. ಈಗ ದಿನಕ್ಕೊಮ್ಮೆ, ಕಾಲು ತೊಳೆಸಿ, ವರಾಂಡದವರೆಗೆ ಬಿಡುತ್ತಿದ್ದಾರೆ. ಅಜ್ಜಿಯ ಮಂಚವನ್ನು ಅಲ್ಲಿಗೆ ಎಳೆದುಕೊಂಡು ಹೋಗುತ್ತೇವೆ.

ಏಪ್ರಿಲ್ ಅಂಕಿ ಬಂದರೆ ಮೂರು ತಿಂಗಳ ಲೆಕ್ಕ ಪೂರ್ತಿಯಾಗುತ್ತದೆ. ಅದಿಲ್ಲದೆ ನನ್ನ ಅರ್ಜಿ ಒಂಟಿಕಾಲಿನ ಮೇಲೆ ನಿಂತಂತೆ.

ನಿಮ್ಮ,
ಚಿನಕುರುಳಿ


ಏಪ್ರಿಲ್ ೧೧

ಪ್ರೀತಿಯ ಚಿನಕುರುಳಿ,

ದರ್ಜಿ ಅಜ್ಜಿಯ ಮಾತನ್ನು ನಾನು ಬೀಗದಣ್ಣನಿಗೂ ಮೀನಿನಂಗಡಿಯಾಕೆಗೂ ಓದಿ ಹೇಳಿದೆ. ಇಬ್ಬರೂ ನಿನ್ನ ಪಕ್ಷ ಸೇರಿದ್ದಾರೆ.

ಇಲ್ಲಿಯ ದೊಡ್ಡ ಸುದ್ದಿ ಕೇಳು. ದೊರೆಸಾನಿ ಮೈತುಂಬಿಕೊಂಡದ್ದನ್ನು ಕಂಡು ಅದು ನನ್ನ ಆರೈಕೆಯ ಫಲವೆಂದು ಬೀಗುತ್ತಿದ್ದೆ. ಅವಳು ಒಂದು ದಿನ ನನ್ನ ಅಂಗಿಗಳ ಕಪಾಟಿನೊಳಗೆ ಹೋಗಿ, ನಾಲ್ಕು ಮರಿಗಳ ತಾಯಿಯಾಗಿ ಹೊರಬಂದಳು. ದಾದಿಯರಿಗೆ ಹೆರಿಗೆಯ ಪಾಠ ಹೇಳಿದವನ ಮನೆಯಲ್ಲಿ ಇದು! ಬುಟ್ಟಿಯಲ್ಲಿ ತಂದು ಕೊಟ್ಟ ನಿನಗೂ ಗೊತ್ತಾಗಲಿಲ್ಲವೆಂಬುದೊಂದೇ ನನ್ನ ಸಮಾಧಾನ. ಎರಡು ಮರಿಗಳು ತಾಯಿಯ ಬಣ್ಣ, ಒಂದು ಬೂದಿ, ಒಂದರ ಬಣ್ಣ ಇನ್ನೂ ತೀರ್ಮಾನವಾಗಿಲ್ಲ. ನನ್ನ ಒಳ್ಳೆಯ ಅಂಗಿಗಳೆಲ್ಲ ಅವರ ಹಾಸಿಗೆಯಾಗಿರುವುದರಿಂದ ಹಳೆಯವನ್ನೇ ತೊಟ್ಟು ಓಡಾಡುತ್ತಿದ್ದೇನೆ.

ತಾಯಿಗೆ ಈಗ ಮರಿಗಳೇ ಲೋಕ. ನನ್ನತ್ತ ಊಟದ ಹೊತ್ತಿಗೆ ಮಾತ್ರ ಬರುತ್ತಾಳೆ, ತಿಂದು ತಿರುಗಿ ನೋಡದೆ ಹೋಗುತ್ತಾಳೆ. ಹಾಗೇ ಇರಬೇಕು.

ಅಂಕಿಗಳು ಹಿಂದಿನಂತೆಯೇ ಎಂದು ತಿಳಿದುಕೋ. ಬಿಡಿಸಿ ಮುಂದಿನ ಪತ್ರದಲ್ಲಿ ಬರೆಯುತ್ತೇನೆ.

ಅಕ್ಷರ ಸ್ವಲ್ಪ ಅಂಕುಡೊಂಕಾಗಿದ್ದರೆ ಕ್ಷಮಿಸು. ಬೆಳಿಗ್ಗೆ ಚಹಾದ ಬಟ್ಟಲು ಕೈಜಾರಿ ಬಿದ್ದು ಒಡೆಯಿತು. ಬಲಗೈ ಕೆಳಗಾಗಿ ಮಲಗಿದ್ದೆನೇನೋ, ಸ್ವಲ್ಪ ಹೊತ್ತು ಜೋಮು ಹಿಡಿದಿತ್ತು. ಈಗ ಸರಿಹೋಗಿದೆ.

ಅರ್ಜಿಯ ಭಾಷೆ ಸರಳವಾಗಿರಲಿ. ಸಮಿತಿಯವರಿಗೆ ಉದ್ದ ವಾಕ್ಯಗಳೆಂದರೆ ನಿದ್ದೆ.

ನಿನ್ನ,
ಮೇಷ್ಟ್ರು


ಏಪ್ರಿಲ್ ೧೭

ಪೂಜ್ಯ ಮೇಷ್ಟ್ರೇ,

ನಾಲ್ಕು ಮರಿಗಳು! ಅಜ್ಜನಾದದ್ದಕ್ಕೆ ಅಭಿನಂದನೆ. ಬಣ್ಣ ತೀರ್ಮಾನವಾಗದ್ದನ್ನು ನನಗೆ ಮೀಸಲಿಡಿ. ದರ್ಜಿ ಅಜ್ಜಿಗೆ ಸುದ್ದಿ ಹೇಳಿದೆ. "ಕಪಾಟಲ್ಲಿ ಹೆತ್ತಿದೆ ಅಂದ್ರೆ ಆ ಮನುಷ್ಯ ಅಂಗಿ ಮಡಚಿಡೋದು ಚೆನ್ನಾಗಿದೆ ಅಂತರ್ಥ" ಎಂದರು. ದರ್ಜಿಯ ಪ್ರಶಂಸೆ ಸುಲಭಕ್ಕೆ ಸಿಗುವಂಥದ್ದಲ್ಲ.

"ಹಿಂದಿನಂತೆಯೇ" ಎಂದಿರಲ್ಲ, ಅಷ್ಟು ಸಾಕು. ಏಪ್ರಿಲ್ ಸಾಲಿನಲ್ಲಿ ನೂರ ಮೂವತ್ತಾರು ಎಂದು ತುಂಬಿದ್ದೇನೆ. ಅಚ್ಚುಕಟ್ಟಾದ ನಕಲೊಂದನ್ನು ನಾಳೆ ದೊಡ್ಡಕ್ಕನಿಗೆ ಒಪ್ಪಿಸುತ್ತೇನೆ. ಹಾರೈಸಿ.

ನಿಮ್ಮ,
ಚಿನಕುರುಳಿ


ಏಪ್ರಿಲ್ ೨೧

ಮೇಷ್ಟ್ರೇ,

ಈ ಪತ್ರ ತಲುಪುವ ಮೊದಲೇ ಬೀಗದಣ್ಣ ನಿಮ್ಮ ಬಾಗಿಲು ತಟ್ಟಿರುತ್ತಾರೆ. ಅವರ ಅಂಗಡಿಗೆ ಈಗಷ್ಟೇ ಫೋನ್ ಮಾಡಿದೆ. ಅವರೊಡನೆ ಜಗಳವಾಡದೆ ಹೋಗಿ. ಏಕೆ ಎಂದು ಇಲ್ಲಿ ಬರೆಯುತ್ತೇನೆ.

ಅರ್ಜಿಗೆ ಇನ್ನೊಬ್ಬರ ಅಂಕಿಯೂ ಇರಲಿ ಎಂದು ಈ ಬೆಳಿಗ್ಗೆ ವರಾಂಡದಲ್ಲಿ ದರ್ಜಿ ಅಜ್ಜಿಯ ಒತ್ತಡ ನೋಡಿದೆ. ನಾಯಿಯ ತಲೆ ಅವರ ಕೈಕೆಳಗಿತ್ತು. ಬಹಳ ಒಳ್ಳೆಯ ಅಂಕಿ ಬಂತು. ನಾಯಿಯನ್ನು ಸ್ನಾನಕ್ಕೆ ಕರೆದೊಯ್ದ ಮೇಲೆ ಇನ್ನೊಬ್ಬ ದಾದಿ, ನಾನು ನೋಡಿದ್ದು ತಿಳಿಯದೆ, ಮತ್ತೆ ನೋಡಿದಳು. ಇಪ್ಪತ್ತಕ್ಕೂ ಹೆಚ್ಚು ಏರಿತ್ತು. ಯಂತ್ರ ಕೆಟ್ಟಿದೆ ಎಂದೆ. ದೊಡ್ಡಕ್ಕ ತಾವೇ ಪಟ್ಟಿ ಕಟ್ಟಿ ನೋಡಿ, "ಯಂತ್ರಕ್ಕೇನೂ ಆಗಿಲ್ಲ ಕಣೆ. ಎರಡೂ ನಿಜ. ಒಂದು ನಾಯಿ ಇದ್ದಾಗಿಂದು, ಇನ್ನೊಂದು ನಾಯಿ ಹೋದ್ಮೇಲಿಂದು. ಅಜ್ಜಿ ದಿನವಿಡೀ ಯಾವುದ್ರಲ್ಲಿ ಬದುಕ್ತಾರೆ, ಅದನ್ನ ಹೇಳು" ಎಂದರು.

ಅಲ್ಲೇ ನಿಂತಲ್ಲೇ ನಿಮ್ಮ ಪತ್ರಗಳು ನೆನಪಾದವು. ಪ್ರತಿ ಅಳತೆಯಲ್ಲೂ ದೊರೆಸಾನಿ ನಿಮ್ಮ ತೊಡೆಯ ಮೇಲಿದ್ದಾಳೆ. ಡಾಕ್ಟರ ಬಳಿ ಏರಿದ್ದನ್ನು ನೀವು ತಳ್ಳಿಹಾಕಿದಿರಿ, ನಾನು ನಕ್ಕೆ. ಅವಳು ಕಪಾಟು ಸೇರಿದ ಮೇಲೆ ಅಂಕಿಯೇ ಬರಲಿಲ್ಲ, ನಾನು ಅಂಕಿಯನ್ನು ನನ್ನ ಕೈಯಿಂದ ತುಂಬಿದೆ. ನೀವು ಬಟ್ಟಲು ಬಿತ್ತೆಂದಿರಿ, ಬಲಗೈ ಜೋಮು ಎಂದಿರಿ. ಅದನ್ನು ಓದಿ ನಾನು ಮರಿಗಳ ಬಣ್ಣದ ಬಗ್ಗೆ ಬರೆದೆ! ನನ್ನ ವಾರ್ಡಿನಲ್ಲಿ ಒಬ್ಬ ರೋಗಿ ಹಾಗೆಂದಿದ್ದರೆ ಮಂಚದಿಂದ ಏಳಲು ಬಿಡುತ್ತಿರಲಿಲ್ಲ.

ಕೇಳುವುದು ಒಂದೇ. ದೊರೆಸಾನಿ ತೊಡೆಯ ಮೇಲೆ ಇಲ್ಲದಾಗ ಎಷ್ಟು?

ಚಿನಕುರುಳಿ


ಏಪ್ರಿಲ್ ೨೭

ಪ್ರೀತಿಯ ಚಿನಕುರುಳಿ,

ನೂರ ಎಪ್ಪತ್ತೆಂಟು, ನೂರ ನಾಲ್ಕು.

ನಿನ್ನ ಫೋನು ಬಂದ ಮಧ್ಯಾಹ್ನ ಬೀಗದಣ್ಣ ಅಂಗಡಿಯನ್ನು ತೆರೆದಿಟ್ಟೇ ಮೇಲೆ ಓಡಿ ಬಂದ. ಬೀಗ ಮಾರುವವನು ಬೀಗ ಹಾಕುವುದನ್ನೇ ಮರೆತಿದ್ದ. "ಮೇಷ್ಟ್ರೇ, ಚಪ್ಪಲಿ ಹಾಕಿ" ಎಂದ. ಏನಾಯಿತೆಂದೆ. "ನಂಗೇನೂ ಗೊತ್ತಿಲ್ಲ. ಆ ಹುಡುಗಿ ಫೋನಲ್ಲಿ ಅತ್ತಳು. ಅವಳು ಅತ್ತಿದ್ದು ನಾನು ಯಾವತ್ತೂ ಕೇಳಿಲ್ಲ. ನೀವಾಗೇ ಬರ್ತೀರೋ, ಎತ್ಕೊಂಡು ಹೋಗ್ಲೋ?" ಎಂದ. ಅವನ ತೋಳು ನೋಡಿ ನಾನಾಗೇ ಹೋದೆ.

ಡಾಕ್ಟರು ಬಟ್ಟಲಿನ ಕತೆ ಕೇಳಿ ಬಿಳಿಚಿಕೊಂಡರು. ದೊಡ್ಡ ಆಸ್ಪತ್ರೆಗೆ ಕಳುಹಿಸಿ ತಲೆಯ ಚಿತ್ರ ತೆಗೆಸಿದರು. ದೊಡ್ಡದೇನೂ ಆಗಿಲ್ಲ. ಪಾರ್ಶ್ವವಾಯು ಬಾಗಿಲವರೆಗೆ ಬಂದು ಹೋಗಿದೆ ಎಂದರು. ಎರಡು ರಾತ್ರಿ ಇಟ್ಟುಕೊಂಡು, ಮಾತ್ರೆ ಶುರು ಮಾಡಿ, ಮನೆಗೆ ಕಳುಹಿಸಿದ್ದಾರೆ. ಅಲ್ಲಿಯವರೆಗೆ ದೊರೆಸಾನಿಗೂ ಮಕ್ಕಳಿಗೂ ಮೀನಿನಂಗಡಿಯಾಕೆಯೇ ಬಂದು ಊಟ ಹಾಕಿದಳು.

ಈಗ ನಿನ್ನ ಪ್ರಶ್ನೆಯ ಹಿಂದಿರುವ ಪ್ರಶ್ನೆಗೆ ಉತ್ತರಿಸಬೇಕು. ನನಗೆ ಗೊತ್ತಿತ್ತೇ? ಮೊದಲೆರಡು ತಿಂಗಳು ನಿಜವಾಗಿಯೂ ಗೊತ್ತಿರಲಿಲ್ಲ. ಮನಸ್ಸು ತಿಳಿಯಾದಾಗ ತೆಗೆದ ಅಂಕಿಯೇ ಸರಿಯಾದ ಅಂಕಿ ಎಂದು ಎಷ್ಟು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ! ಬೆಕ್ಕು ಬಂದರೆ ಮನಸ್ಸು ತಿಳಿಯಾಗುತ್ತಿತ್ತು, ಆದ್ದರಿಂದ ಬೆಕ್ಕು ಬಂದಾಗ ಅಳೆದೆ. ಬೆಕ್ಕು ಬಾರದ ದಿನ ಅಂಕಿ ಏರಿದರೆ, ನಾನು ಸರಿಯಾಗಿ ಕೂತಿಲ್ಲ ಎಂದು ಪಟ್ಟಿ ಬಿಚ್ಚುತ್ತಿದ್ದೆ. ನನ್ನ ನಿಯಮದಲ್ಲಿ ಎಲ್ಲೂ ತಪ್ಪಿರಲಿಲ್ಲ. ನಿಯಮವನ್ನು ಅಷ್ಟು ಚೆನ್ನಾಗಿ ಪಾಲಿಸಿದವನೇ ಹಾಗೆ ಮೋಸ ಹೋಗಬಲ್ಲ.

ಮರಿಗಳು ಹುಟ್ಟಿದ ಮೇಲೆ ಮಾತ್ರ ಗೊತ್ತಿತ್ತು. ದಿನವೂ ಕೂತು ಕಾಯುತ್ತಿದ್ದೆ, ಅವಳು ಬರುತ್ತಿರಲಿಲ್ಲ, ಅಂಕಿ ಇಳಿಯುತ್ತಿರಲಿಲ್ಲ. ನಿನಗೆ ಬರೆಯಬೇಕೆಂದು ಪೆನ್ನು ಹಿಡಿದರೆ ನಿನ್ನ ಅರ್ಜಿಯ ಮೊದಲ ಪುಟ ಕಣ್ಣಮುಂದೆ ಬರುತ್ತಿತ್ತು. ಮೇ ದಾಟಲಿ, ಹುಡುಗಿಯ ಆಸೆ ನೆರವೇರಲಿ, ಆಮೇಲೆ ಮಾತ್ರೆ ನುಂಗಿದರಾಯಿತು ಎಂದುಕೊಂಡೆ. ನಿನಗೆ ನೆರವಾಗುತ್ತಿದ್ದೇನೆ ಎಂದು ನಂಬಿದ್ದೆ.

ನನ್ನ ಅಂಕಿಗಳನ್ನು ಅರ್ಜಿಯಿಂದ ತೆಗೆದುಬಿಡು. ಮೇಷ್ಟ್ರು ಮುದುಕರಾದರು, ಅಳತೆ ತಪ್ಪಿದರು ಎಂದು ಹೇಳು. ನಿನ್ನ ಮಾತಿನ ಮೇಲಿನ ನಂಬಿಕೆ ಉಳಿಯಬೇಕು. ನೀನು ಇನ್ನೂ ಬಹಳ ವರ್ಷ ಕೆಲಸ ಮಾಡಬೇಕಾದವಳು.

ನಿನ್ನ,
ಮೇಷ್ಟ್ರು


ಜೂನ್ ೨

ಪೂಜ್ಯ ಮೇಷ್ಟ್ರೇ,

ಒಂದು ತಿಂಗಳು ಬರೆಯಲಿಲ್ಲ. ಮೊದಲ ವಾರ ನಿಮ್ಮ ಮೇಲೆ ಸಿಟ್ಟಿತ್ತು, ಎರಡನೆಯ ವಾರ ನನ್ನ ಮೇಲೆ. ಉಳಿದ ಎರಡು ವಾರ ಅರ್ಜಿಯನ್ನು ಮೊದಲಿನಿಂದ ಬರೆದೆ. ಬೀಗದಣ್ಣನ ಅಂಗಡಿಗೆ ಮಾತ್ರ ದಿನವೂ ಫೋನ್ ಮಾಡಿ, ನೀವು ಮಾತ್ರೆ ನುಂಗಿದಿರೋ ಇಲ್ಲವೋ ಎಂದು ಕೇಳುತ್ತಿದ್ದೆ. ಅವರು ಇದನ್ನು ನಿಮಗೆ ಹೇಳಿರಲಾರರು.

ನಿಮ್ಮ ಅಂಕಿಗಳನ್ನು ತೆಗೆಯಲಿಲ್ಲ. ಆಸ್ಪತ್ರೆ ಸೇರಿದ್ದನ್ನೂ ಸೇರಿಸಿ, ನೂರ ಮೂವತ್ತಾರರ ಪಕ್ಕದಲ್ಲೇ ನೂರ ಎಪ್ಪತ್ತೆಂಟನ್ನು ಬರೆದೆ. ಏಪ್ರಿಲ್ ಸಾಲನ್ನು ನಾನು ಕೇಳದೆಯೇ ತುಂಬಿದ್ದೆ ಎಂಬುದನ್ನೂ ದೊಡ್ಡಕ್ಕನಿಗೆ ಹೇಳಿದೆ. ಅವರು ಅರ್ಜಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಆಮೇಲೆ, "ಇಂಥ ಕೆಲಸ ಇನ್ನೊಂದ್ಸಲ ಮಾಡಿದ್ರೆ ನಾನೇ ಮನೆಗೆ ಕಳಿಸ್ತೀನಿ. ಈಗ ಹೋಗಿ ಇದನ್ನೇ ಸಮಿತಿ ಮುಂದೆ ಹೇಳು" ಎಂದರು.

ಸಮಿತಿಯಲ್ಲಿ ಮುಖ್ಯ ವೈದ್ಯರು ಎರಡೂ ಅಂಕಿಗಳ ಮೇಲೆ ಬೆರಳಿಟ್ಟು ಕೇಳಿದರು: "ಅಲ್ಲಮ್ಮಾ, ಹಾಗಾದ್ರೆ ಬೆಕ್ಕು ಔಷಧಾನೋ ಅಲ್ವೋ?"

ಅಲ್ಲ ಎಂದೆ. ಔಷಧವೆಂದು ನಂಬಿ ನನ್ನ ಮೇಷ್ಟ್ರನ್ನೇ ಕಳೆದುಕೊಳ್ಳುವುದರಲ್ಲಿದ್ದೆ ಎಂದೆ. ಆದರೆ ಬೆಕ್ಕಿದ್ದದ್ದರಿಂದ ಆ ಮನುಷ್ಯ ಬೆಳಿಗ್ಗೆ ಎದ್ದರು, ನಡೆದರು, ಮೀನಿನಂಗಡಿಯಲ್ಲಿ ಮಾತಾಡಿದರು. ಅವರು ಆಸ್ಪತ್ರೆಯಲ್ಲಿದ್ದಾಗ ಮನೆಯ ಬಾಗಿಲು ತೆರೆಯುವವರು ಇಬ್ಬರಿದ್ದರು; ವರ್ಷದ ಹಿಂದೆ ಒಬ್ಬರೂ ಇರಲಿಲ್ಲ. ಮಾತ್ರೆ ಮಾಡುವ ಕೆಲಸ ಮಾತ್ರೆಯೇ ಮಾಡಲಿ. ಮಾತ್ರೆ ನುಂಗಿ ಬದುಕಬೇಕೆನಿಸುವ ಹಾಗೆ ಮಾಡುವುದು ಬೇರೆ ಕೆಲಸ, ಅದಕ್ಕೆ ನಮ್ಮ ವಾರ್ಡಿನಲ್ಲಿ ಸದ್ಯಕ್ಕೆ ಯಾರೂ ಇಲ್ಲ ಎಂದೆ.

ಕೇಳಿದ್ದೆಲ್ಲ ಸಿಗಲಿಲ್ಲ. ವಾರ್ಡಿನ ಒಳಗೆ ಬೆಕ್ಕು ಬೇಡ, ಗಾಯವಿರುವವರೂ ಉಸಿರಾಟದ ತೊಂದರೆಯವರೂ ಇದ್ದಾರೆ ಎಂದರು. ಅದು ನ್ಯಾಯವೇ. ವರಾಂಡದಲ್ಲಿ ವಾರಕ್ಕೆ ಮೂರು ದಿನ ನಾಯಿ, ಚುಚ್ಚುಮದ್ದು ಹಾಕಿಸಿ, ಸ್ನಾನ ಮಾಡಿಸಿ, ಆರು ತಿಂಗಳ ಮಟ್ಟಿಗೆ. ಒಂದು ಷರತ್ತು ದೊಡ್ಡಕ್ಕನೇ ಸೇರಿಸಿದರು. ಅಂಕಿ ಬರೆಯುವಾಗ ಪ್ರಾಣಿ ಪಕ್ಕದಲ್ಲಿತ್ತೋ ಇಲ್ಲವೋ ಎಂದು ಪ್ರತಿ ಸಲವೂ ಬರೆಯಬೇಕು. ದರ್ಜಿ ಅಜ್ಜಿ ಎಡಗೈಯಲ್ಲೇ ನಾಯಿಗೊಂದು ಕಾಲೊರಸು ಹೊಲಿಯಲು ಶುರು ಮಾಡಿದ್ದಾರೆ. ಹೊಲಿಗೆ ವಕ್ರವಾಗಿದೆ. ಯಾರಾದರೂ ಹಾಗೆಂದರೆ ಬೈಯುತ್ತಾರೆ.

ಮೇಷ್ಟ್ರೇ, ನಿಮ್ಮ ರಕ್ತನಾಳಗಳಿಗೆ ನಿಮ್ಮ ನಿಯಮ ಗೊತ್ತಿಲ್ಲ. ಅವು ಇಪ್ಪತ್ತನಾಲ್ಕು ಗಂಟೆಯೂ ದುಡಿಯುತ್ತವೆ. ಬೆಕ್ಕಿಲ್ಲದೆ ಅಳೆದು ಕಳುಹಿಸಿ. ಅಂಕಿ ಎಷ್ಟೇ ಇರಲಿ, ನನಗೆ ಬೇಕಾದದ್ದು ಅದು.

ನಿಮ್ಮ,
ಚಿನಕುರುಳಿ


ಜೂನ್ ೧೦

ಪ್ರೀತಿಯ ಚಿನಕುರುಳಿ,

ನೀನು ಸಮಿತಿಯ ಮುಂದೆ ಆಡಿದ ಮಾತನ್ನು ನಾನು ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ. ಕಲಿಸುವವನಿಗೆ ಇದಕ್ಕಿಂತ ದೊಡ್ಡ ಸಂಬಳವಿಲ್ಲ.

ಬೀಗದಣ್ಣನ ಗೂಢಚಾರಿಕೆ ನನಗೆ ಮೊದಲೇ ಗೊತ್ತಿತ್ತು. ದಿನವೂ ಒಂದೇ ಹೊತ್ತಿಗೆ ಬಂದು "ನುಂಗಿದ್ರಾ?" ಎಂದು ಕೇಳಿ, ಉತ್ತರ ಸಿಕ್ಕೊಡನೆ ಕೆಳಗಿಳಿದು ಹೋಗುವವನ ಮೇಲೆ ಯಾರಿಗೆ ಅನುಮಾನ ಬಾರದು? ಆದರೆ ಅವನು ಕೇಳಬೇಕಾದ್ದೇ ಇಲ್ಲ. ದೊರೆಸಾನಿಯ ಬೆಳಗಿನ ತಟ್ಟೆಯ ಪಕ್ಕದಲ್ಲೇ ನನ್ನ ಮಾತ್ರೆ ಇಟ್ಟಿದ್ದೇನೆ. ಅವಳು ತನ್ನ ಊಟಕ್ಕೆ ಕೂಗಿ ಎಬ್ಬಿಸುತ್ತಾಳೆ, ಅವಳಿಗೆ ಬಡಿಸಿ ನಾನು ನುಂಗುತ್ತೇನೆ. ಅವಳು ಒಂದು ದಿನವೂ ಮರೆತಿಲ್ಲ. ಬೂದಿ ಮರಿಯನ್ನು ಮೀನಿನಂಗಡಿಯಾಕೆ ಒಯ್ದಳು. ಬಣ್ಣ ತೀರ್ಮಾನವಾಗದ್ದು ಇನ್ನೂ ತೀರ್ಮಾನಿಸಿಲ್ಲ. ನಿನ್ನ ಕೋಣೆಯಲ್ಲಿ ಸಾಕಲು ಅನುಮತಿಯಿದೆಯೇ ಎಂದು ವಿಚಾರಿಸಿ ಬರೆ.

ಈ ಬೆಳಿಗ್ಗೆ ದೊರೆಸಾನಿಯನ್ನು ಮಕ್ಕಳ ಸಮೇತ ಒಳಕೋಣೆಗೆ ಕಳುಹಿಸಿ ಬಾಗಿಲು ಮುಚ್ಚಿದೆ. ಕುರ್ಚಿಯಲ್ಲಿ ಕೂತು ತೋಳಿಗೆ ಪಟ್ಟಿ ಸುತ್ತಿದೆ. ಅವಳು ಬಾಗಿಲು ಕೆರೆದಳು, ಕೂಗಿದಳು, ನನ್ನನ್ನು ಬಾಯಿಗೆ ಬಂದಂತೆ ಬೈದಳು. ಖಾಲಿ ತೊಡೆಯ ಮೇಲೆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೂತಿದ್ದೆ. ನೂರ ನಲವತ್ತೆರಡು, ಎಂಬತ್ತೆಂಟು. ಇನ್ನೂ ಇಳಿಯಬೇಕು, ಇಳಿಯುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಚೆಂದದ ಅಂಕಿಯೇನಲ್ಲ, ಆದರೆ ನನ್ನದೇ. ಅದನ್ನು ಹಾಗೆಯೇ ನಿನಗೆ ಕಳುಹಿಸುತ್ತಿದ್ದೇನೆ.

ಆಮೇಲೆ ಬಾಗಿಲು ತೆರೆದೆ. ದೊರೆಸಾನಿ ಸ್ವಲ್ಪ ಹೊತ್ತು ಮುನಿಸಿಕೊಂಡು ಗೋಡೆ ನೋಡುತ್ತಾ ಕೂತಿದ್ದಳು. ಈಗ ಬಂದಿದ್ದಾಳೆ. ಒಂದು ಕೈಯಲ್ಲಿ ಈ ಪತ್ರ ಬರೆಯುತ್ತಿದ್ದೇನೆ, ಇನ್ನೊಂದು ಅವಳ ಬೆನ್ನ ಮೇಲಿದೆ. ಪಟ್ಟಿಯನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಇಟ್ಟಾಗಿದೆ. ಇದನ್ನು ಅಳೆಯುವುದಿಲ್ಲ.

ನಿನ್ನ,
ಮೇಷ್ಟ್ರು